ಕೋ-ವಾಷ್: ಕಂಡೀಷನರ್‌ನಲ್ಲೇ ತಲೆ ತೊಳೆಯುವ ಕ್ರಮ

ಶಾಂಪೂ ಮುಟ್ಟದೆ, ಕಂಡೀಷನರ್ ಒಂದನ್ನೇ ನೆತ್ತಿಗೂ ಕೂದಲಿಗೂ ತಿಕ್ಕಿ ತಲೆ ತೊಳೆದುಕೊಳ್ಳುವ ಕ್ರಮಕ್ಕೆ ಕೋ-ವಾಷ್ ಎಂದು ಹೆಸರು. ಗುಂಗುರು ಕೂದಲಿನವರು, ಅದರಲ್ಲೂ ತಲೆಗೆ ಎರೆದುಕೊಂಡು ಒಣಗಿಸಿದ ಕೂಡಲೇ ಕೂದಲು ಕೆದರಿ ಹಾರಾಡುತ್ತದೆಂದು ಬೇಸತ್ತವರು, ಇದರ ಮೊರೆ ಹೋಗುವುದು ಹೆಚ್ಚು. ಅಮೆರಿಕದ ಕಪ್ಪು ಮಹಿಳೆಯರ ಮನೆಗಳಲ್ಲೂ ನ್ಯೂಯಾರ್ಕಿನ ಕೆಲವು ಸಲೂನುಗಳಲ್ಲೂ ರೂಢಿಗೆ ಬಂದ ಈ ಕ್ರಮ 21ನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಬ್ರೆಜಿಲ್, ಯುರೋಪ್, ಭಾರತಗಳಿಗೆ ಹಬ್ಬಿತು. ಇದನ್ನು ಮೆಚ್ಚಿದವರಲ್ಲಿ ಕೆಲವರು ಶಾಂಪೂವನ್ನು ವಿಷದಂತೆ ಕಾಣುತ್ತಾರೆ. ಒಪ್ಪದವರು ಇದು ತಲೆ ತೊಳೆಯುವುದೇ ಅಲ್ಲ ಎನ್ನುತ್ತಾರೆ. ಎರಡೂ ಅತಿರೇಕದ ಮಾತು. ಕೂದಲಿನ ಎಳೆಗೆ ಬೇಕಾದದ್ದು ಒಂದು, ಆ ಕೂದಲು ಹುಟ್ಟುವ ನೆತ್ತಿಗೆ ಬೇಕಾದದ್ದು ಇನ್ನೊಂದು. ಕೋ-ವಾಷ್ ಎಳೆಯ ಪಕ್ಷ ವಹಿಸುತ್ತದೆ. ಅದರ ಗುಣವೂ ದೋಷವೂ ಅಲ್ಲಿಂದಲೇ ಬಂದವು.

ಕೂದಲು ಕೆದರುವುದೇಕೆ

ನೆತ್ತಿಯಿಂದ ಹೊರಗೆ ಕಾಣುವ ಕೂದಲಿಗೆ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ದಪ್ಪ ಸಾಮಾನ್ಯವಾಗಿ 50ರಿಂದ 100 ಮೈಕ್ರಾನ್. ಬೆಳವಣಿಗೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಸೊಂಟ ಮುಟ್ಟುವ ಜಡೆಯ ತುದಿಗೆ ಹೀಗೆ ಲೆಕ್ಕ ಹಾಕಿದರೆ ಐದಾರು ವರ್ಷ ವಯಸ್ಸು. ಅಷ್ಟೂ ವರ್ಷದ ಬಿಸಿಲು, ಬಾಚಣಿಗೆ, ರಬ್ಬರ್ ಬ್ಯಾಂಡು, ಟವೆಲ್ಲಿನ ಉಜ್ಜಾಟ ಎಲ್ಲವನ್ನೂ ಆ ತುದಿ ಉಂಡಿರುತ್ತದೆ. ಹೊಸದಾಗಿ ಬೆಳೆದ ಬುಡದ ಕೂದಲನ್ನೂ ಈ ತುದಿಯನ್ನೂ ಒಂದೇ ರೀತಿ ತೊಳೆಯುವುದು ಸರಿಯೇ ಎಂಬ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ.

ಎಳೆಯ ಮೈಮೇಲೆ ಹೆಂಚು ಹೊದಿಸಿದ ಹಾಗೆ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ತೆಳ್ಳನೆಯ ಹೊಪ್ಪಳಿಕೆಗಳು ಕೂತಿವೆ. ಇದು ಕ್ಯೂಟಿಕಲ್. ಬಲ, ಬಣ್ಣ ಎರಡೂ ಇರುವ ಕಾರ್ಟೆಕ್ಸ್ ಇದರ ಒಳಗಿದೆ. ಕ್ಯೂಟಿಕಲ್‌ನ ಹೊರಮೈಗೆ 18-ಎಂಇಎ ಎಂಬ ಕೊಬ್ಬಿನಾಮ್ಲದ ಸಹಜ ಲೇಪವಿದ್ದು, ನೀರು ಜಾರಿಹೋಗುವುದಕ್ಕೂ ಎಳೆಗೆ ಎಳೆ ತಾಗಿದಾಗ ಸಿಕ್ಕಾಗದಿರುವುದಕ್ಕೂ ಅದೇ ಕಾರಣ. ಬ್ಲೀಚ್ ಮಾಡಿಸಿದರೆ, ಕ್ಷಾರ ಹಾಕಿ ಕೂದಲು ನೇರ ಮಾಡಿಸಿದರೆ ಈ ಲೇಪ ಹೋಗಿಬಿಡುತ್ತದೆ. ಹೋದದ್ದು ಅದೇ ಎಳೆಯಲ್ಲಿ ಮತ್ತೆ ಹುಟ್ಟುವುದಿಲ್ಲ.

ಗುಂಗುರು ಹುಟ್ಟುವುದು ಬುಡದಲ್ಲೇ. ಚರ್ಮದೊಳಗಿನ ಕೂದಲ ಕುಳಿ ಬಾಗಿದ್ದರೆ ಅದರಿಂದ ಹೊರಬರುವ ಎಳೆಯೂ ಬಾಗಿರುತ್ತದೆ, ಅಡ್ಡ ಕತ್ತರಿಸಿ ನೋಡಿದರೆ ಗುಂಡಗಿರದೆ ಚಪ್ಪಟೆಯಾಗಿ ಕಾಣುತ್ತದೆ. ನೆತ್ತಿಯ ಗ್ರಂಥಿಗಳು ಸುರಿಸುವ ಜಿಡ್ಡು ನೇರ ಕೂದಲಿನಲ್ಲಿ ಸಲೀಸಾಗಿ ಕೆಳಗಿಳಿಯುತ್ತದೆ. ಆದ್ದರಿಂದಲೇ ಅಂಥವರ ತಲೆ ಎರಡು ದಿನಕ್ಕೆ ಅಂಟಂಟು. ಗುಂಗುರು ಕೂದಲಿನಲ್ಲಿ ಅದು ತಿರುವುಗಳನ್ನು ದಾಟಿ ತುದಿ ಮುಟ್ಟುವುದೇ ಇಲ್ಲ. ಬುಡದಲ್ಲಿ ಜಿಡ್ಡು, ತುದಿಯಲ್ಲಿ ಬರಗಾಲ. ಪ್ರತಿ ತಿರುವೂ ಎಳೆಯ ಬಲ ಕಡಿಮೆಯಾಗುವ ಜಾಗವೂ ಹೌದು, ಸಿಕ್ಕು ಕೂರುವ ಜಾಗವೂ ಹೌದು.

ಇದರ ಮೇಲೆ ಗಾಳಿಯ ತೇವ ಬಂದು ಸೇರುತ್ತದೆ. ಕೆರಾಟಿನ್ ಎಳೆಗಳನ್ನು ಹಿಡಿದಿರುವ ಬಂಧಗಳಲ್ಲಿ ಹೈಡ್ರೋಜನ್ ಬಂಧಗಳು ನೀರು ಸೋಕಿದರೆ ಬಿಚ್ಚಿಕೊಳ್ಳುತ್ತವೆ, ಒಣಗಿದಾಗ ಇದ್ದ ಆಕಾರದಲ್ಲೇ ಮತ್ತೆ ಬೆಸೆದುಕೊಳ್ಳುತ್ತವೆ. ನೀರು ಕುಡಿದ ಕೂದಲಿನ ದಪ್ಪ ಶೇ. 15ರ ಆಸುಪಾಸು ಹೆಚ್ಚಿದರೆ ಉದ್ದ ಹೆಚ್ಚುವುದು ಶೇ. 2ರಷ್ಟು ಮಾತ್ರ. ಈ ಅಲ್ಪ ಹಿಗ್ಗನ್ನೇ ಅಳತೆಗೋಲು ಮಾಡಿಕೊಂಡು ಜಿನೀವಾದ ವಿಜ್ಞಾನಿ ಸೊಸ್ಯೂರ್ ಮನುಷ್ಯನ ಕೂದಲಿನಿಂದ ಆರ್ದ್ರತಾಮಾಪಕ ಮಾಡಿ, 1783ರಲ್ಲಿ ಅದರ ಬಗ್ಗೆ ಗ್ರಂಥವನ್ನೇ ಪ್ರಕಟಿಸಿದ. ಅವನ ಉಪಕರಣದಲ್ಲಿ ಮುಳ್ಳು ತಿರುಗಿಸುತ್ತಿದ್ದ ಗುಣವೇ ಮಳೆಗಾಲದ ಮಂಗಳೂರಿನಲ್ಲಿ ತಲೆಗೂದಲನ್ನು ಎಬ್ಬಿಸಿ ನಿಲ್ಲಿಸುತ್ತದೆ. ಲೇಪ ಹೋದ ಎಳೆ ಹೆಚ್ಚು ತೇವ ಹೀರಿ ಒಂದು ಕಡೆ ತಿರುಗುತ್ತದೆ, ಪಕ್ಕದ ಎಳೆ ಕಡಿಮೆ ಹೀರಿ ಇನ್ನೊಂದು ಕಡೆ. ಸುರುಳಿ ಕಟ್ಟಬೇಕಾದ ಎಳೆಗಳು ಹೀಗೆ ಜೊತೆ ಬಿಟ್ಟಾಗ ಕಾಣುವುದೇ ಕೆದರು.

ಶಾಂಪೂ, ಕಂಡೀಷನರ್

ಬರ್ಲಿನ್ನಿನ ಹಾನ್ಸ್ ಶ್ವಾರ್ಜ್‌ಕಾಫ್ 1903ರಲ್ಲಿ ಪುಡಿ ಶಾಂಪೂ ಮಾರಾಟಕ್ಕೆ ತಂದ. ಸೋಪಿನ ಅಂಶವಿಲ್ಲದ, ಸಂಶ್ಲೇಷಿತ ಮಾರ್ಜಕದ ಶಾಂಪೂ 1930ರ ದಶಕದಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಡ್ರೀನ್ ರೂಪದಲ್ಲಿ ಬಂತು. ಗಡಸು ನೀರಿನಲ್ಲಿ ಸೋಪು ಬಿಡುವ ಬೂದುಬಣ್ಣದ ಗಸಿಯಿಂದ ಬೇಸತ್ತಿದ್ದವರಿಗೆ ಅದು ದೊಡ್ಡ ಬಿಡುಗಡೆ. ಶಾಂಪೂವನ್ನು ಹಳಿಯುವವರು ಈ ಚರಿತ್ರೆಯನ್ನು ಮರೆಯಬಾರದು.

ಇವತ್ತಿನ ಬಹುಪಾಲು ಶಾಂಪೂಗಳಲ್ಲಿ ತೊಳೆಯುವ ಕೆಲಸ ಮಾಡುವುದು ಸೋಡಿಯಂ ಲಾರೆತ್ ಸಲ್ಫೇಟಿನಂಥ ಋಣ ವಿದ್ಯುದಂಶದ ಮಾರ್ಜಕಗಳು. ಅವು ಜಿಡ್ಡನ್ನು ಸುತ್ತುವರಿದು ನೀರಿನ ಜೊತೆ ಸಾಗಿಸುತ್ತವೆ. ಸುಮಾರು 3.7ಕ್ಕಿಂತ ಹೆಚ್ಚಿನ ಪಿಎಚ್‌ನಲ್ಲಿ ಕೂದಲಿನ ಮೈಯೂ ಋಣಾಂಶವನ್ನೇ ಹೊತ್ತಿರುತ್ತದೆ. ಜಿಡ್ಡೆಲ್ಲ ಹೋದ ಮೇಲೆ ಒಂದೇ ಅಂಶದ ಎಳೆಗಳು ಪರಸ್ಪರ ತಳ್ಳಿಕೊಳ್ಳುತ್ತವೆ, ಕ್ಯೂಟಿಕಲ್ ಅಂಚುಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ತೊಳೆದ ಕೂದಲನ್ನು ಬೆರಳಲ್ಲಿ ಎಳೆದರೆ ಕಿರ್ ಎನ್ನುವುದು ಇದಕ್ಕೇ. ಅದನ್ನು ಶುಚಿಯ ಗುರುತೆಂದು ನಂಬಿದವರೇ ಹೆಚ್ಚು.

ಕಂಡೀಷನರಿನ ಮುಖ್ಯ ಸರಕು ಇದಕ್ಕೆ ವಿರುದ್ಧ. ಸೆಟ್ರಿಮೋನಿಯಂ ಕ್ಲೋರೈಡ್, ಬೆಹೆನ್ಟ್ರಿಮೋನಿಯಂ ಮೀಥೋಸಲ್ಫೇಟ್ ಮುಂತಾದವು ಧನ ವಿದ್ಯುದಂಶದವು. ಕೂದಲಿನ ಋಣಾಂಶ ಇವನ್ನು ಸೆಳೆದುಕೊಳ್ಳುತ್ತದೆ, ಹೆಚ್ಚು ಹಾಳಾದ ಜಾಗ ಹೆಚ್ಚು ಸೆಳೆಯುತ್ತದೆ. ಜೊತೆಗೆ ಸೀಟೈಲ್, ಸ್ಟೀರೈಲ್ ಆಲ್ಕೊಹಾಲ್‌ಗಳಿರುತ್ತವೆ. ಹೆಸರಿನಲ್ಲಿ ಆಲ್ಕೊಹಾಲ್ ಇದ್ದರೂ ಇವು ಮೇಣದಂಥ ಕೊಬ್ಬಿನ ಪದಾರ್ಥಗಳು, ಒಣಗಿಸುವಂಥವಲ್ಲ. ಡೈಮೆಥಿಕೋನ್‌ನಂಥ ಸಿಲಿಕೋನ್ ಇದ್ದರೆ ನುಣುಪು ಇನ್ನೂ ಜಾಸ್ತಿ.

ಹಾಗಾದರೆ ಇದು ತೊಳೆಯುವುದು ಹೇಗೆ? ಸೆಟ್ರಿಮೋನಿಯಂ ಕೂಡ ಮಾರ್ಜಕ ಗುಣವುಳ್ಳದ್ದೇ, ಬಲ ಮಾತ್ರ ಕಡಿಮೆ. ಅಂಗೈಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ, ಅದರ ಮೇಲೆ ಸ್ವಲ್ಪ ಕಂಡೀಷನರ್ ಹಚ್ಚಿ, ಒದ್ದೆ ಬೆರಳಿನಿಂದ ಉಜ್ಜಿ ನೋಡಿ. ಎಣ್ಣೆ ನಿಧಾನವಾಗಿ ಕದಡಿ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ನೀರು ಬಿಟ್ಟರೆ ಆ ಬಿಳಿ ದ್ರವ ಹರಿದುಹೋಗಿ ಬಹುಪಾಲು ಎಣ್ಣೆ ಹೋಗುತ್ತದೆ. ಆದರೆ ಅಂಗೈ ಕಿರ್ ಎನ್ನುವುದಿಲ್ಲ, ಒಂದು ನಯ ಉಳಿದೇ ಇರುತ್ತದೆ. ಗುಂಗುರು ಕೂದಲಿನ ತುದಿಗೆ ಆ ನಯ ವರ, ಬೆವರಿ ಜಿಡ್ಡಾದ ನೆತ್ತಿಗೆ ಅದೇ ಹೊರೆ. ಇನ್ನೊಂದು ಮಾತು: ಇಲ್ಲಿ ರಸಾಯನಕ್ಕಿಂತ ಬೆರಳಿನ ಪಾಲು ದೊಡ್ಡದು. ಉಜ್ಜುವುದರಲ್ಲಿ ಸೋಮಾರಿತನ ಮಾಡಿದವರಿಗೆ ಕೋ-ವಾಷ್ ಒಲಿಯುವುದಿಲ್ಲ.

ಶಾಂಪೂ, ಕಂಡೀಷನರ್ ಎರಡನ್ನೂ ಒಂದೇ ಸೀಸೆಗೆ ತುಂಬಿದ ಟು-ಇನ್-ವನ್ ಉತ್ಪನ್ನಗಳು 1980ರ ದಶಕದ ಕೊನೆಯಲ್ಲಿ ಬಂದಿದ್ದವು. ಅವುಗಳಲ್ಲಿ ಶಾಂಪೂವೇ ಯಜಮಾನ. ಕೋ-ವಾಷಿನಲ್ಲಿ ಯಜಮಾನಿಕೆ ಬದಲಾಯಿತು.

ಬೆಳೆದು ಬಂದ ದಾರಿ

ಆಫ್ರಿಕನ್ ಮೂಲದ ಬಿಗಿ ಸುರುಳಿಯ ಕೂದಲನ್ನು ನೇರ ಮಾಡುವುದಕ್ಕೆ ಅಮೆರಿಕದಲ್ಲಿ ತಲೆಮಾರುಗಳ ಕಾಲ ಕಾಯಿಸಿದ ಬಾಚಣಿಗೆ, ಆಮೇಲೆ ಕಾಸ್ಟಿಕ್ ಸೋಡಾ ಬೆರೆತ ರಿಲಾಕ್ಸರ್ ಬಳಕೆಯಲ್ಲಿದ್ದವು. ನೆತ್ತಿ ಸುಟ್ಟುಕೊಂಡವರು ಎಷ್ಟೋ ಮಂದಿ. ಉದ್ಯೋಗಕ್ಕೂ ಶಾಲೆಗೂ ನೇರ ಕೂದಲೇ ಯೋಗ್ಯವೆಂಬ ಒತ್ತಡ ಇದರ ಹಿಂದಿತ್ತು. ಕೂದಲಿನ ಸ್ವರೂಪ ನೋಡಿ ತಾರತಮ್ಯ ಮಾಡಬಾರದೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಬಂದದ್ದು 2019ರಲ್ಲಿ. 2000ದ ನಂತರ ರಿಲಾಕ್ಸರ್ ಬಿಟ್ಟು ಹುಟ್ಟುಗೂದಲಿಗೆ ಮರಳಿದ ಕಪ್ಪು ಮಹಿಳೆಯರಿಗೆ ಎದುರಾದ ಮೊದಲ ಪ್ರಶ್ನೆ ಇದನ್ನು ತೊಳೆಯುವುದು ಹೇಗೆ ಎಂಬುದು. ಶಾಂಪೂ ಹಾಕಿದಷ್ಟೂ ಒಣಗಿ ಮುರಿಯುತ್ತಿತ್ತು. ಶಾಂಪೂವಿನ ಸರದಿಗಳ ನಡುವೆ ಕಂಡೀಷನರ್ ಹಾಕಿ ತೊಳೆಯುವ ಉಪಾಯವನ್ನು ಅವರು ಅನುಭವದಿಂದ ಕಂಡುಕೊಂಡು ಒಬ್ಬರಿಂದೊಬ್ಬರಿಗೆ ದಾಟಿಸಿದರು. ಕೋ-ವಾಷಿನ ಕತೆ ಹೇಳುವಾಗ ಇವರನ್ನು ಬಿಟ್ಟು ಸಲೂನಿನಿಂದ ಶುರುಮಾಡುವುದು ಸಾಮಾನ್ಯ, ಅದು ನ್ಯಾಯವಲ್ಲ.

ಸಲೂನಿನ ಕತೆಯೂ ಮುಖ್ಯವೇ. ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಬಂದ ಲೊರೇನ್ ಮ್ಯಾಸಿ ಎಂಬ ಕೇಶ ವಿನ್ಯಾಸಗಾರ್ತಿ ದೇವಾಚಾನ್ ಸಲೂನಿನ ಸ್ಥಾಪಕರಲ್ಲಿ ಒಬ್ಬಳು. ಗುಂಗುರು ಕೂದಲನ್ನೇ ಕುರಿತ ಆಕೆಯ ‘ಕರ್ಲಿ ಗರ್ಲ್’ ಪುಸ್ತಕ ಈ ಶತಮಾನದ ಆರಂಭದಲ್ಲಿ ಬಂತು. ವಿಸ್ತರಿಸಿದ ಆವೃತ್ತಿ 2011ರಲ್ಲಿ. ಸಲ್ಫೇಟ್ ಬೇಡ, ಸಿಲಿಕೋನ್ ಬೇಡ, ಬ್ರಷ್ ಬೇಡ, ಬಿಸಿಗಾಳಿ ಬೇಡ, ಒರಟು ಟವೆಲ್ ಬೇಡ, ನೆತ್ತಿಯನ್ನು ಕಂಡೀಷನರಿನಲ್ಲೇ ಉಜ್ಜಿ ಎಂಬ ಅವಳ ನಿಯಮಗಳು ಕರ್ಲಿ ಗರ್ಲ್ ವಿಧಾನ ಎಂದು ಹೆಸರಾದವು. ಸಿಲಿಕೋನಿಗೆ ನಿಷೇಧ ಹಾಕಿದ್ದಕ್ಕೆ ಒಂದು ತರ್ಕವಿದೆ: ನೀರಿನಲ್ಲಿ ಕರಗದ ಸಿಲಿಕೋನನ್ನು ತೆಗೆಯಲು ಗಟ್ಟಿ ಮಾರ್ಜಕ ಬೇಕು, ಮಾರ್ಜಕವನ್ನೇ ಬಿಟ್ಟವರ ಕೂದಲಲ್ಲಿ ಅದು ಪದರು ಪದರಾಗಿ ಕೂರುತ್ತದೆ. ಶಾಂಪೂ ಬಳಸುವವರಿಗೆ ಸಿಲಿಕೋನ್ ಅಪಾಯವೇನಲ್ಲ. ಸಲ್ಫೇಟ್ ಬಿಟ್ಟು ಸಿಲಿಕೋನ್ ಬಿಡದವರು ಒದ್ದಾಡುವುದು ಇಲ್ಲೇ.

ಯಾರ ಕೂದಲು ಎಂಥದ್ದು ಎಂದು ಹೇಳಲು ಬಳಕೆಯಲ್ಲಿರುವ 1, 2, 3, 4 ಎಂಬ ಅಂಕಿಗಳು ಆಂಡ್ರೆ ವಾಕರ್ ಎಂಬ ಕೇಶ ವಿನ್ಯಾಸಗಾರನ 1997ರ ಪುಸ್ತಕದಿಂದ ಬಂದವು. ಆತ ಓಪ್ರಾ ವಿನ್‌ಫ್ರೇಗೆ ಕೂದಲು ಕಟ್ಟುತ್ತಿದ್ದವನು. 1 ನೇರ, 2 ಅಲೆ, 3 ಸುರುಳಿ, 4 ಬಿಗಿ ಸುರುಳಿ. ಕೋ-ವಾಷ್ ಚೆನ್ನಾಗಿ ಹೊಂದುವುದು 3 ಮತ್ತು 4ಕ್ಕೆ. ಅಲೆಗೂದಲಿನವರಿಗೆ ಕೆಲವೊಮ್ಮೆ ಹೊಂದುತ್ತದೆ, ಕೆಲವೊಮ್ಮೆ ತಲೆಗೆ ಅಂಟಿಕೊಂಡಂತೆ ಚಪ್ಪಟೆಯಾಗುತ್ತದೆ.

ನಮ್ಮ ಕಡೆಯ ಲೋಳೆ, ಪುಡಿ, ನೀರು

ನೊರೆಯಿಲ್ಲದೆ ತಲೆ ತೊಳೆಯುವುದು ಕರ್ನಾಟಕಕ್ಕೆ ಹೊಸದೇನಲ್ಲ. ಸೀಗೆಕಾಯಿ, ಅಂಟುವಾಳಗಳಲ್ಲಿ ಸಪೋನಿನ್ ಇದೆ. ಅವು ನಿಜವಾಗಿ ಶಾಂಪೂವಿನ ಸಾಲಿನವು, ಎಣ್ಣೆಸ್ನಾನದ ಜಿಡ್ಡನ್ನು ತೆಗೆಯುವ ಶಕ್ತಿ ಅವಕ್ಕುಂಟು. ಕೋ-ವಾಷಿಗೆ ಹತ್ತಿರ ಬರುವುದು ಕರಾವಳಿ, ಮಲೆನಾಡುಗಳ ಗೊಂಪು. ದಾಸವಾಳದ ಎಲೆಯನ್ನೋ ಮತ್ತಿ ಸೊಪ್ಪನ್ನೋ ನೀರಿನಲ್ಲಿ ಹಾಕಿ ಕಿವುಚುತ್ತಾ ಹೋದರೆ ಹಸಿರು ಲೋಳೆ ಬಿಡುತ್ತದೆ. ಬೆರಳ ಸಂದಿಯಿಂದ ಅದು ತುಂಡಾಗದೆ ಜಾರುವಷ್ಟು ಮಂದವಾದ ಮೇಲೆ ಬಟ್ಟೆಯಲ್ಲಿ ಸೋಸಬೇಕು. ಸೋಸದಿದ್ದರೆ ಎಲೆಯ ಚೂರನ್ನು ಕೂದಲಿನಿಂದ ಹೆಕ್ಕುವುದೇ ದಿನದ ಕೆಲಸವಾಗುತ್ತದೆ. ಲೋಳೆಯಲ್ಲಿರುವುದು ಸಸ್ಯದ ಪಾಲಿಸ್ಯಾಕರೈಡ್‌ಗಳು. ಅವು ಎಳೆಗಳ ನಡುವೆ ಜಾರಿಕೆ ಕೊಟ್ಟು ಸಿಕ್ಕು ಬಿಡಿಸುತ್ತವೆ, ಬೆವರು ಧೂಳನ್ನು ಕೊಂಡೊಯ್ಯುತ್ತವೆ. ಕಂಡೀಷನರಿನ ಹಾಗೆ ವಿದ್ಯುದಂಶದ ಬಲದಿಂದ ಕೂದಲಿಗೆ ಅಂಟಿ ಉಳಿಯುವುದಿಲ್ಲವಾದ್ದರಿಂದ ನಯ ಅಷ್ಟು ಕಾಲ ಬಾಳುವುದಿಲ್ಲ, ಶೇಖರವಾಗುವ ತೊಂದರೆಯೂ ಇಲ್ಲ. ಎರಡೂ ಒಂದೇ ಎನ್ನಲಾಗದು. ಉದ್ದೇಶ ಮಾತ್ರ ಒಂದೇ.

ಕೊಬ್ಬರಿ ಎಣ್ಣೆಗೂ ಇಲ್ಲಿ ಜಾಗವಿದೆ. ತೊಳೆಯುವ ಮೊದಲು ಹಚ್ಚಿದ ಕೊಬ್ಬರಿ ಎಣ್ಣೆ ಕೂದಲಿನಿಂದ ಪ್ರೋಟೀನ್ ಸೋರುವುದನ್ನು ತಗ್ಗಿಸುತ್ತದೆ, ಸೂರ್ಯಕಾಂತಿ ಎಣ್ಣೆಗೂ ಖನಿಜ ತೈಲಕ್ಕೂ ಆ ಗುಣ ಕಾಣಲಿಲ್ಲ ಎಂದು ಭಾರತದಲ್ಲೇ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಎಣ್ಣೆ ಹಚ್ಚಿ, ಅದನ್ನು ಕಂಡೀಷನರಿನಲ್ಲಿ ಕದಡಿ, ನೆತ್ತಿಗೆ ಮಾತ್ರ ಚೂರು ಶಾಂಪೂ ಹಾಕುವುದು ನಮ್ಮ ಹವೆಗೆ ಒಪ್ಪುವ ರಾಜಿ. ದಿನವೂ ಎಣ್ಣೆ ಹಚ್ಚಿ ಜಡೆ ಹಾಕುವವರು ಬರೀ ಕೋ-ವಾಷ್ ನಂಬಿ ಕೂತರೆ ವಾರದೊಳಗೆ ತಲೆ ವಾಸನೆ ಹೊಡೆಯುತ್ತದೆ.

ನೀರಿನ ವಿಷಯ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸಬಹುದು. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಗೂ ಕೊಳವೆಬಾವಿ, ಟ್ಯಾಂಕರ್ ನೀರನ್ನೇ ನೆಚ್ಚಿದ ಅಪಾರ್ಟ್‌ಮೆಂಟಿಗೂ ವ್ಯತ್ಯಾಸ ಬಕೆಟ್ಟಿನ ಅಂಚಿನ ಬಿಳಿ ಕಲೆಯಲ್ಲೇ ಕಾಣುತ್ತದೆ. ಆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿನ ಮೇಲೂ ಕೂರುತ್ತವೆ. ಕಂಡೀಷನರ್ ಅವನ್ನು ಕೀಳಲಾರದು. ಇಡಿಟಿಎ ಇರುವ, ಖನಿಜಾಂಶ ತೆಗೆಯುವ ಶಾಂಪೂ ಆಗಾಗ ಬೇಕೇ ಬೇಕು. ಊರು ಬಿಟ್ಟು ಬೆಂಗಳೂರಿಗೆ ಬಂದ ಮೇಲೆ ಕೂದಲು ಒರಟಾಯಿತು ಎನ್ನುವವರು ಕಂಡೀಷನರ್ ಬದಲಿಸುವ ಮೊದಲು ನಲ್ಲಿಯ ನೀರು ಯಾವುದೆಂದು ವಿಚಾರಿಸುವುದು ಲೇಸು.

ಹಚ್ಚುವ ಬಗೆ

ಮೊದಲು ತಲೆ ಪೂರ್ತಿ ನೆನೆಯಬೇಕು. ದಟ್ಟ ಗುಂಗುರು ಕೂದಲಿನ ಬುಡಕ್ಕೆ ನೀರು ಇಳಿಯುವುದಕ್ಕೇ ಒಂದೆರಡು ನಿಮಿಷ ಹಿಡಿಯುತ್ತದೆ. ಕೂದಲನ್ನು ನಾಲ್ಕೈದು ಭಾಗ ಮಾಡಿಕೊಂಡು, ಬೈತಲೆ ತೆಗೆದು ತೆಗೆದು ನೆತ್ತಿಗೆ ಕಂಡೀಷನರ್ ತಾಗಿಸಬೇಕು. ಶಾಂಪೂವಿನ ಅಳತೆ ಇಲ್ಲಿ ನಡೆಯದು, ಅದರ ಎರಡು ಮೂರು ಪಟ್ಟು ಬೇಕಾಗುತ್ತದೆ. ಉಗುರು ತಾಗಿಸದೆ ಬೆರಳ ತುದಿಯಿಂದ ಮೂರರಿಂದ ಐದು ನಿಮಿಷ ನೆತ್ತಿ ಉಜ್ಜಬೇಕು. ಹಣೆಯ ಅಂಚು, ಕಿವಿಯ ಹಿಂದೆ, ಹಿಂದಲೆ ಬಿಡಬಾರದು. ಆಮೇಲೆ ಉದ್ದಕ್ಕೂ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಏರುತ್ತಾ ಸಿಕ್ಕು ಬಿಡಿಸಬೇಕು. ಗುಂಗುರು ಕೂದಲನ್ನು ಒಣಗಿದ್ದಾಗ ಬಾಚುವುದಕ್ಕಿಂತ ಹೀಗೆ ಬಾಚಿದರೆ ಮುರಿಯುವುದು ಕಡಿಮೆ. ಕೊನೆಗೆ ನೆತ್ತಿಯಿಂದ ಪೂರ್ತಿ ಹೋಗುವವರೆಗೆ ನೀರು ಸುರಿದುಕೊಳ್ಳಬೇಕು. ತುದಿಯಲ್ಲಿ ಸ್ವಲ್ಪ ಉಳಿದರೆ ತೊಂದರೆಯಿಲ್ಲ. ಹಳೆಯ ಹತ್ತಿ ಬನಿಯನ್ನೋ ಟೀ ಶರ್ಟೋ ಸುತ್ತಿ ನೀರು ಹಿಂಡಿ, ಇನ್ನೂ ಒದ್ದೆಯಿರುವಾಗಲೇ ಜೆಲ್ ಹಚ್ಚಿ, ಕೂದಲನ್ನು ಕೆಳಗಿನಿಂದ ಮೇಲಕ್ಕೆ ಮುಷ್ಟಿಯಲ್ಲಿ ಹಿಸುಕಿ ಒಣಗಲು ಬಿಡುತ್ತಾರೆ. ಒಣಗುತ್ತಿರುವ ಕೂದಲಿಗೆ ಕೈ ಹಾಕುತ್ತಲೇ ಇದ್ದರೆ ಇಷ್ಟೂ ಶ್ರಮ ವ್ಯರ್ಥ.

ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶಾಂಪೂ ಹಾಕಿ ಶೇಖರವಾದದ್ದನ್ನು ತೆಗೆಯಬೇಕೆಂಬುದನ್ನು ಮಾತ್ರ ಇಂದು ಈ ಕ್ರಮದ ಅನುಯಾಯಿಗಳಲ್ಲೂ ಬಹುಪಾಲು ಮಂದಿ ಒಪ್ಪುತ್ತಾರೆ. ಸುರುಳಿ ಜೋಲು ಬಿದ್ದು ಮುಟ್ಟಿದರೆ ಮೇಣ ಸವರಿದಂತಾದರೆ ಆ ದಿನ ಬಂತೆಂದೇ ಅರ್ಥ. ಖರ್ಚಿನ ಮಾತೂ ಇದೆ. ಶಾಂಪೂ ಒಂದೆರಡು ರೂಪಾಯಿಯ ಸ್ಯಾಷೆಯಲ್ಲಿ ಗೂಡಂಗಡಿಯಲ್ಲೂ ಸಿಗುತ್ತದೆ. ‘ಕೋ-ವಾಷ್’ ಎಂದೇ ಅಚ್ಚು ಹಾಕಿದ ಸೀಸೆಗಳು ದುಬಾರಿ. ಹಾಗೆ ಬರೆದಿದ್ದರೇ ಶ್ರೇಷ್ಠವೆಂದೇನಿಲ್ಲ. ಸಿಲಿಕೋನಿಲ್ಲದ, ತೆಳ್ಳನೆಯ ಸಾಧಾರಣ ಕಂಡೀಷನರ್ ಅದೇ ಕೆಲಸ ಮಾಡುತ್ತದೆ.

ಕಂಡೀಷನರಿಗೆ ಇನ್ನೊಂದು ಉಪಯೋಗವೂ ಉಂಟು: ಹೇನು ಹೆಕ್ಕುವುದು. ಕಂಡೀಷನರ್ ಹೇನನ್ನು ಕೊಲ್ಲುವುದಿಲ್ಲ, ಆದರೆ ಅದರ ಓಟವನ್ನು ಕೆಲಕಾಲ ತಡೆಯುತ್ತದೆ. ದಪ್ಪಗೆ ಹಚ್ಚಿ ಸೀರಣಿಗೆಯಿಂದ ಬಾಚಿ ಹೆಕ್ಕುವ ವಿಧಾನ ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಬಳಕೆಯಲ್ಲಿದೆ.

ಆಗದವರು, ಆದ ಅನಾಹುತ

ನೆತ್ತಿಯ ಮೇಲೆ ಮಲಸೇಝಿಯಾ ಎಂಬ ಯೀಸ್ಟ್ ಎಲ್ಲರಲ್ಲೂ ಇರುತ್ತದೆ. ಜಿಡ್ಡೇ ಅದರ ಆಹಾರ. ಹೊಟ್ಟು, ಸೆಬೊರಿಕ್ ಡರ್ಮಟೈಟಿಸ್ ಇರುವವರು ಜಿಡ್ಡನ್ನು ಪೂರ್ತಿ ತೆಗೆಯದ ಕ್ರಮವನ್ನು ಹಿಡಿದರೆ ತುರಿಕೆ ಏರುತ್ತದೆ. ಅವರಿಗೆ ಬೇಕಾದದ್ದು ಕೀಟೋಕೊನಜೋಲ್‌ನಂಥ ಔಷಧಿಯ ಶಾಂಪೂ. ಅದನ್ನು ನೆತ್ತಿಗೆ ಹಾಕಿ, ಕಂಡೀಷನರನ್ನು ಉದ್ದಕ್ಕೆ ಮಾತ್ರ ಹಚ್ಚಿಕೊಳ್ಳಬಹುದು. ತೆಳು ಕೂದಲಿನವರಿಗೆ, ನೇರ ಕೂದಲಿನವರಿಗೆ, ದಿನವೂ ಬೆವರಿಳಿಸಿ ಆಡುವವರಿಗೆ, ಈಜುಕೊಳಕ್ಕೆ ಇಳಿಯುವವರಿಗೆ ಬರೀ ಕೋ-ವಾಷ್ ಸಾಲದು. ತಲೆಗೆ ಹಚ್ಚುವ ಜಿಡ್ಡಿನಿಂದ ಹಣೆಯಂಚಿನಲ್ಲಿ ಮೊಡವೆ ಏಳುವುದನ್ನು ಚರ್ಮವೈದ್ಯರು 1970ರಲ್ಲೇ ವರ್ಣಿಸಿದ್ದಾರೆ, ಕಂಡೀಷನರ್ ಸರಿಯಾಗಿ ತೊಳೆಯದವರಲ್ಲೂ ಅದು ಕಾಣಬಹುದು. ಇನ್ನು ಅಲರ್ಜಿ. ಕೆಡದಂತೆ ಬೆರೆಸುವ ಮೀಥೈಲ್‌ಐಸೋಥಯಾಜೋಲಿನೋನ್ ಎಂಬ ಪದಾರ್ಥವನ್ನು ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2013ರಲ್ಲಿ ವರ್ಷದ ಅಲರ್ಜಿಕಾರಕವೆಂದು ಹೆಸರಿಸಿತು. ತೊಳೆದುಬಿಡುವ ಉತ್ಪನ್ನಗಳಲ್ಲಿ ಇದು ಶೇ. 0.0015 ಮೀರಬಾರದೆಂದು ಯುರೋಪಿನ ನಿಯಮ. ನೆತ್ತಿಯ ಮೇಲೆ ನಿಮಿಷಗಟ್ಟಲೆ ಇರುವ ಕೋ-ವಾಷಿನಲ್ಲಿ ಇಂಥವನ್ನು ಗಮನಿಸಲೇಬೇಕು.

ಈ ಕ್ರಮದ ಚರಿತ್ರೆಯಲ್ಲಿ ದೊಡ್ಡ ಗದ್ದಲ ಎದ್ದದ್ದು ಅಮೆರಿಕದಲ್ಲಿ, ಚಾಜ್ ಡೀನ್ ಎಂಬ ಕೇಶ ವಿನ್ಯಾಸಗಾರನ ‘ವೆನ್’ ಎಂಬ ತೊಳೆಯುವ ಕಂಡೀಷನರಿನ ಸುತ್ತ. ಟಿವಿ ಜಾಹೀರಾತಿನ ಬಲದಿಂದ ಅದು ಭರದಿಂದ ಮಾರಾಟವಾಗಿತ್ತು. ಕೂದಲು ಉದುರಿತು, ನೆತ್ತಿ ತುರಿಸಿತು, ದದ್ದು ಎದ್ದಿತು ಎಂಬ ದೂರುಗಳ ಮೇಲೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 2016ರ ಜುಲೈನಲ್ಲಿ ಎಚ್ಚರಿಕೆ ಹೊರಡಿಸಿತು. ಆಗ ಅದಕ್ಕೆ ನೇರವಾಗಿ ಬಂದಿದ್ದ ದೂರು 127. ತಪಾಸಣೆಗೆ ಹೋದಾಗ ತಿಳಿದದ್ದು, ತಯಾರಕರಿಗೂ ಮಾರಾಟಗಾರರಿಗೂ ಬಂದಿದ್ದ ದೂರುಗಳು 21,000ಕ್ಕಿಂತ ಹೆಚ್ಚು ಎಂದು. ಅವನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ಕಾನೂನೇ ಅಂದು ಇರಲಿಲ್ಲ. ಬಳಕೆದಾರರ ಸಾಮೂಹಿಕ ದಾವೆ 2 ಕೋಟಿ 60 ಲಕ್ಷ ಡಾಲರ್ ದಾಟಿದ ರಾಜಿಯಲ್ಲಿ ಮುಗಿಯಿತು. ಯಾವ ಘಟಕದಿಂದ ಹೀಗಾಯಿತೆಂದು ನಿಖರವಾಗಿ ಗೊತ್ತಾಗಲಿಲ್ಲ, ಆದ್ದರಿಂದ ಇದನ್ನು ಕೋ-ವಾಷ್ ಎಂಬ ಕ್ರಮಕ್ಕೇ ಅಂಟಿಸುವುದು ತಪ್ಪು. ಸೌಂದರ್ಯವರ್ಧಕಗಳ ಗಂಭೀರ ದುಷ್ಪರಿಣಾಮಗಳನ್ನು ಕಂಪನಿಗಳು ವರದಿ ಮಾಡಲೇಬೇಕೆಂಬ ಕಾನೂನು ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಬಂತು.

ಕೋ-ವಾಷ್ ಶುರುಮಾಡಿದ ಮೇಲೆ ನೆತ್ತಿ ಉರಿದರೆ, ಹೊಪ್ಪಳೆ ಎದ್ದರೆ, ಬಾಚಣಿಗೆಯಲ್ಲಿ ಕೂದಲು ಗೊಂಚಲಾಗಿ ಬಂದರೆ ‘ಹೊಂದಿಕೊಳ್ಳಲು ಕಾಲ ಬೇಕು’ ಎಂಬ ಸಮಾಧಾನ ನಂಬಬೇಡಿ. ಅಂದೇ ನಿಲ್ಲಿಸಿ, ಚರ್ಮರೋಗ ತಜ್ಞರನ್ನು ಕಾಣಿ. ಹೋಗುವಾಗ ಸೀಸೆಯನ್ನೂ ಜೊತೆಗೆ ಒಯ್ಯಿರಿ. ಯಾವುದಕ್ಕೆ ಅಲರ್ಜಿ ಎಂದು ಪರೀಕ್ಷಿಸಲು ವೈದ್ಯರಿಗೆ ಬೇಕಾಗುವುದು ಅದರ ಹಿಂಬದಿಯ ಸಣ್ಣ ಅಕ್ಷರಗಳ ಪಟ್ಟಿ.